ಬೇಲಿ ಕಿತ್ತ ಆರ್ತೆಮಿಯೊ

ಪುದೆಲ್‌ಕೊ ಊರಿನಲ್ಲಿ ಗಂಡಸರಿಗೆ ಸಿಟ್ಟು ಬಂದರೆ ಸೌದೆ ಒಡೆಯುತ್ತಾರೆ. ಚಿಲೊಯೆ ದ್ವೀಪದ ಈ ಮೂಲೆಯಲ್ಲಿ ವರ್ಷದ ಎಂಟು ತಿಂಗಳು ಮಳೆ, ಒಲೆ ಆರುವುದೇ ಇಲ್ಲ. ಹಾಗಾಗಿ ಯಾರ ಸಿಟ್ಟೂ ದಂಡವಾಗುವುದಿಲ್ಲ. ಯಾರ ಮನೆಯ ಹಿಂದೆ ಸೌದೆಯ ಒಟ್ಟಿಲು ಎತ್ತರವಾಗಿದೆಯೋ ಆ ಮನೆಯಲ್ಲಿ ಸಂಸಾರ ನೆಟ್ಟಗಿಲ್ಲ ಎಂದು ದಾರಿಯಲ್ಲಿ ಹೋಗುವವರು ತಿಳಿದುಕೊಂಡು, ಒಳಗೆ ಹೋಗಿ ಕ್ಷೇಮ ವಿಚಾರಿಸದೆ ಮುಂದೆ ಸಾಗುತ್ತಾರೆ. ಆ ಬೇಸಿಗೆಯಲ್ಲಿ ಆರ್ತೆಮಿಯೊ ಚಿಗ್ವಾಯನ ಒಟ್ಟಿಲು ಸೂರಿನ ಅಂಚನ್ನು ಮುಟ್ಟಿ, ಅದರ ಪಕ್ಕದಲ್ಲಿ ಎರಡನೆಯದೊಂದು ಶುರುವಾಗಿತ್ತು.

ಇದಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಚಿತ್ರ.

ಆ ಕಡೆ ಬೇಸಿಗೆ ಶುರುವಾಗುವ ನವೆಂಬರಿನಲ್ಲಿ ಆರ್ತೆಮಿಯೊ ತನ್ನ ಹೆಂಡತಿ ಒತಿಲಿಯಾಳನ್ನು ಮಂಡಿಯ ಆಪರೇಷನ್‌ಗೆಂದು ಕಾಸ್ತ್ರೊ ಪಟ್ಟಣದ ಆಸ್ಪತ್ರೆಗೆ ಸೇರಿಸಿದ. ಹನ್ನೆರಡು ದಿನ ಅಲ್ಲೇ ಇರಬೇಕೆಂದರು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಸುಮ್ಮನೆ ನಡೆದವನ ಕಣ್ಣಿಗೆ ಗಿಡ ಮಾರುವ ಅಂಗಡಿಯೊಂದು ಬಿತ್ತು. ಅಲ್ಲಿ ತೂಗುಹಾಕಿದ ಕುಂಡಗಳಲ್ಲಿ ಫ್ಯೂಶಿಯಾ ಹೂಗಳು. ಒಂದೊಂದು ಹೂವೂ ಮಗುವಿನ ಮುಷ್ಟಿಯಷ್ಟು ದಪ್ಪ, ಬಿಳಿಯ ಒಳಲಂಗದ ಮೇಲೆ ನೇರಳೆ ಲಂಗ, ಅದರ ಮೇಲೆ ಇನ್ನೊಂದು ಲಂಗ ಉಟ್ಟಂತೆ ಎಸಳುಗಳು. ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯ ಮೇಲೆ ಒಂದು ಝೇಂಕಾರದ ಹಕ್ಕಿ ರೆಕ್ಕೆ ಬಡಿಯುತ್ತ, ಆ ಲಂಗಗಳ ನಡುವೆ ಕೊಕ್ಕಿಟ್ಟು ಜೇನು ಹೀರುತ್ತಿತ್ತು.

ಆರ್ತೆಮಿಯೊ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಅವನ ಮನೆಯ ಅಡುಗೆಮನೆಯ ಕಿಟಕಿಯ ಎದುರಿಗೂ ಫ್ಯೂಶಿಯಾ ಇತ್ತು. ಆದರೆ ಅದನ್ನು ಊರಲ್ಲಿ ಯಾರೂ ಫ್ಯೂಶಿಯಾ ಎನ್ನುತ್ತಿರಲಿಲ್ಲ, ಚಿಲ್ಕೊ ಎನ್ನುತ್ತಿದ್ದರು. ಹಳ್ಳದ ದಂಡೆ, ದಾರಿಯ ಪಕ್ಕ, ಎಲ್ಲೆಂದರಲ್ಲಿ ಹುಟ್ಟುವ ಕಾಡುಗಿಡ. ಕಿವಿಯೋಲೆಯಂತೆ ಜೋತುಬಿದ್ದ ಸಣಕಲು ಕೆಂಪು ಹೂ. ಮೂವತ್ತಾರು ವರ್ಷದಿಂದ ಒತಿಲಿಯಾ ಪ್ರತಿ ಬೆಳಗ್ಗೆ ಆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಸೋರೆಬುರುಡೆಯಲ್ಲಿ ಮಾಟೆ ಸೊಪ್ಪಿನ ಕಷಾಯ ಹೀರುತ್ತ, ಬೇಲಿಯ ಹೂವಿನಿಂದ ಹೂವಿಗೆ ಹೋಗುವ ಹಕ್ಕಿಯನ್ನು ನೋಡುತ್ತಿದ್ದಳು. ಆ ಬಡಕಲು ಹೂವಿಗೇ ಒಂದು ಹಕ್ಕಿ ಬರುವುದಾದರೆ, ಇಂಥ ಹೂವಿಗೆ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬರಬೇಕಷ್ಟೆ. ಲೆಕ್ಕಾಚಾರದಲ್ಲಿ ಆರ್ತೆಮಿಯೊಗೆ ಯಾವ ತಪ್ಪೂ ಕಾಣಲಿಲ್ಲ. ಹನ್ನೆರಡು ಕುಂಡ ಕೊಂಡ.

ಹೊಸ ಹೂವಿಗೆ ಬೆಳಕು ಬೇಕು. ಹಳೆಯ ಬೇಲಿ ಅಡ್ಡ. ಎತ್ತು ಕಟ್ಟಿ, ಬುಡಕ್ಕೆ ಸರಪಳಿ ಬಿಗಿದು, ಎರಡು ದಿನದಲ್ಲಿ ಬೇಲಿಯನ್ನು ಬೇರುಸಹಿತ ಎಳೆದು ಸುಟ್ಟುಹಾಕಿದ. ಕುಂಡಗಳನ್ನು ಸೂರಿನ ತೊಲೆಗೆ ಸಾಲಾಗಿ ತೂಗಿಬಿಟ್ಟ. ಹೆಂಡತಿ ಬರುವ ದಿನ ಗಡ್ಡ ಹೆರೆದುಕೊಂಡು ನಿಂತ.

ಅವಳನ್ನು ಕರೆತಂದವನು ಲಿಂದೋರ್ ಮನ್ಸಿಯಾ. ಆರ್ತೆಮಿಯೊನ ಹುಲ್ಲುಗಾವಲು ಮುಗಿಯುವಲ್ಲಿ ಇವನ ಜಮೀನು ಶುರು. ಒತಿಲಿಯಾಳ ಚಿಕ್ಕಪ್ಪನ ಮಗಳನ್ನು ಕಟ್ಟಿಕೊಂಡಿದ್ದ, ಅವಳು ತೀರಿಕೊಂಡು ಏಳು ವರ್ಷ. ಹೀಗೆ ಆರ್ತೆಮಿಯೊಗೆ ನೆರೆಯವನೂ ಹೌದು, ಷಡ್ಡಕನೂ ಹೌದು. ಈ ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಸಂಬಂಧ ಎಂದು ಆರ್ತೆಮಿಯೊ ಆಗಾಗ ಯೋಚಿಸುತ್ತಿದ್ದ. ಒತಿಲಿಯಾ ಊರುಗೋಲು ಊರಿಕೊಂಡು ವ್ಯಾನಿನಿಂದ ಇಳಿದಳು. ಕುಂಡಗಳನ್ನು ನೋಡಿದಳು. ಆಮೇಲೆ ಬೇಲಿಯಿದ್ದ ಜಾಗದಲ್ಲಿ ಉದ್ದಕ್ಕೆ ಬಿದ್ದಿದ್ದ ಬರಿಯ ಮಣ್ಣನ್ನು ನೋಡಿದಳು.

"ಅಮ್ಮನ ಮನೆಯಿಂದ ಒದ್ದೆ ಬಟ್ಟೇಲಿ ಸುತ್ಕೊಂಡು ಬಂದು ನೆಟ್ಟಿದ್ದೆ" ಎಂದಳು. ಅದನ್ನೂ ಗಂಡನಿಗೆ ಹೇಳಲಿಲ್ಲ, ಮಣ್ಣಿಗೆ ಹೇಳಿದಳು. ಒಳಗೆ ಹೋದಳು. ಅಂದಿನಿಂದ ಗಂಡನ ಜೊತೆ ಮಾತು ನಿಂತಿತು.

ಮಾರನೆಯ ಬೆಳಗ್ಗೆ ಹಕ್ಕಿ ಬಂತು. ಆರ್ತೆಮಿಯೊ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಹಕ್ಕಿ ಮೊದಲ ಹೂವಿನ ಲಂಗಗಳೊಳಗೆ ಕೊಕ್ಕು ತೂರಿಸಿತು. ಒಳಗೆ ಮತ್ತೊಂದು ಲಂಗ, ಅದರೊಳಗೆ ಇನ್ನೊಂದು. ಕೊಕ್ಕು ಜೇನನ್ನು ಮುಟ್ಟಲೇ ಇಲ್ಲ, ಅಥವಾ ಅಲ್ಲಿ ಜೇನೇ ಇರಲಿಲ್ಲ. ಎರಡನೆಯ ಹೂವನ್ನು ನೋಡಿತು, ಮೂರನೆಯದನ್ನು ನೋಡಿತು. ಅಂಗಡಿಗೆ ಬಂದ ಗಿರಾಕಿ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಏನೂ ಹೇಳದೆ ಹೋಗುವಂತೆ, ತಿರುಗಿ ಹುಲ್ಲುಗಾವಲು ದಾಟಿ ಲಿಂದೋರನ ಚಿಲ್ಕೊ ಬೇಲಿಗೆ ಹೋಗಿ ಕೂತಿತು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಆರ್ತೆಮಿಯೊಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಡಲೆಕಾಯಿಯಷ್ಟು ತೂಕದ ಪ್ರಾಣಿಗೆ ಇಷ್ಟು ಕೊಬ್ಬು ಎಲ್ಲಿಂದ ಬಂತು ಎಂದು ಅಂಗಳದಲ್ಲಿ ನಿಂತು ಜೋರಾಗಿ ಕೇಳಿದ. ಸಕ್ಕರೆ ನೀರು ಕಾಯಿಸಿ ಬಾಟಲಿಯಲ್ಲಿ ತೂಗುಹಾಕಿದ. ಹಕ್ಕಿಯ ಬದಲು ಕಣಜಗಳು ಬಂದವು. ಇಗರ್ಜಿಯ ಪಾರುಪತ್ಯ ನೋಡಿಕೊಳ್ಳುವ ಮುದುಕ ಸತುರ್ನೀನೊ ಒತಿಲಿಯಾಳ ಮಂಡಿ ಹೇಗಿದೆಯೆಂದು ಕೇಳಲು ಬಂದವನು ಕಿವಿ ಊದಿಸಿಕೊಂಡು ಹೋದ. ಆರ್ತೆಮಿಯೊ ಹಳ್ಳದ ದಂಡೆಯಿಂದ ಚಿಲ್ಕೊ ಕಡ್ಡಿಗಳನ್ನು ಕತ್ತರಿಸಿ ತಂದು ನೆಟ್ಟ. ಮರುವಾರ ಅದೇ ಸತುರ್ನೀನೊ ದೂರದಲ್ಲೇ ನಿಂತು ಅವನ್ನು ನೋಡಿ, ಚೆನ್ನಾಗಿ ಹತ್ತಿಕೊಂಡಿವೆ, ಮೂರು ವರ್ಷಕ್ಕೆ ಧಾರಾಳವಾಗಿ ಹೂ ಬಿಡುತ್ತವೆ ಎಂದು ಸಮಾಧಾನ ಹೇಳಿದ.

ಮೂರು ವರ್ಷ ಆರ್ತೆಮಿಯೊನ ಕೈಯಲ್ಲಿರಲಿಲ್ಲ. ಒತಿಲಿಯಾ ಕೆಯೋನ್ ಊರಿನಲ್ಲಿದ್ದ ತಂಗಿ ಎಲ್ಬಾಳಿಗೆ ಫೋನಿನಲ್ಲಿ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು, ಬೀಳಲೆಂದೇ ಹೇಳಿದ್ದಳು. ಮಾರ್ಚಿನಲ್ಲಿ ಆಲೂಗಡ್ಡೆ ಅಗೆತ ಮುಗಿಯುತ್ತಲೇ ತಾನು ಅಲ್ಲಿಗೆ ಬಂದುಬಿಡುವುದಾಗಿಯೂ, ಮತ್ತೆ ತಿರುಗಿ ಬರುವ ಯೋಚನೆಯಿಲ್ಲವೆಂದೂ, ತನಗೆ ಹಿತ್ತಿಲ ಕಡೆ ಕಿಟಕಿಯಿರುವ ಕೋಣೆ ಬೇಕೆಂದೂ ಹೇಳಿದ್ದಳು.

ಇದರ ಮೇಲೆ ಇನ್ನೊಂದು ನಡೆಯಿತು. ಒತಿಲಿಯಾ ದಿನಾ ಬೆಳಗ್ಗೆ ಮಾಟೆಯ ಬುರುಡೆಯನ್ನು ಕೈಚೀಲದಲ್ಲಿಟ್ಟುಕೊಂಡು, ಊರುಗೋಲು ಊರಿಕೊಂಡು, ಇನ್ನೂರು ಹೆಜ್ಜೆಯ ಹುಲ್ಲುಗಾವಲು ದಾಟಿ ಲಿಂದೋರನ ಅಡುಗೆಮನೆಗೆ ಹೋಗತೊಡಗಿದಳು. ಅವನ ಕಿಟಕಿಯಿಂದ ಅವನ ಬೇಲಿ ಕಾಣುತ್ತಿತ್ತು. ಬೇಲಿಯಲ್ಲಿ ಹಕ್ಕಿ ಇತ್ತು. ಒಂದು ಗಂಟೆ ಕೂತು, ಮಾಟೆ ಹೀರಿ, ಲಿಂದೋರನಿಗೂ ಒಂದೆರಡು ಸಲ ತುಂಬಿಕೊಟ್ಟು ವಾಪಸಾಗುತ್ತಿದ್ದಳು. ಗಂಡನಿಗೆ ಬುರುಡೆ ತುಂಬಿಕೊಡುವುದು ನಿಂತು ಎರಡು ತಿಂಗಳಾಗಿತ್ತು. ಅರವತ್ತು ದಾಟಿದ ಹೆಂಗಸು, ಮಂಡಿಗೆ ಪಟ್ಟಿ ಕಟ್ಟಿಕೊಂಡವಳು, ಹಕ್ಕಿ ನೋಡಲು ಹೋಗುತ್ತಾಳೆಂದು ಊರಿನವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದರು. ಆರ್ತೆಮಿಯೊ ಸೌದೆ ಒಡೆಯುತ್ತಿದ್ದ.

ಜನವರಿಯ ಮೂರನೆಯ ಭಾನುವಾರ ಆ ಸಿಟ್ಟಿನ ಕಟ್ಟೆ ಒಡೆದುಹೋಯಿತು. ಪಾದ್ರಿಯವರು ದೋಣಿಯಲ್ಲಿ ತಿಂಗಳಿಗೊಮ್ಮೆ ಬರುತ್ತಾರೆ; ಉಳಿದ ಭಾನುವಾರ ಪ್ರಾರ್ಥನೆ ನಡೆಸುವವನು ಸತುರ್ನೀನೊ. ಪ್ರಾರ್ಥನೆ ಮುಗಿದು ಜನ ಇಗರ್ಜಿಯ ಮುಂದೆ ಹರಟುತ್ತ ನಿಂತಿದ್ದಾಗ ಲಿಂದೋರ್ ಬಳಿಗೆ ಬಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವನ ದೋಷ.

"ಭಾವ, ಯಾಕೆ ಸುಮ್ನೆ ಒದ್ದಾಡ್ತೀಯ" ಎಂದ. "ಬಂದು ಒಂದು ಮಾತು ಕೇಳು. ನಮ್ಮ ಬೇಲಿಯಿಂದ ನಾಲ್ಕು ಗಿಡ ಬುಡಸಮೇತ ಅಗೆದು ಕೊಡ್ತೀನಿ. ಪಾಪ, ಒತಿಲಿಯಕ್ಕ ಆ ಕಾಲು ಎಳ್ಕೊಂಡು ದಿನಾ ನಮ್ಮನೇಗೆ ಬರೋದು ತಪ್ಪುತ್ತೆ."

ಗಿಡ ಕೊಡುತ್ತೇನೆಂದದ್ದು ಆರ್ತೆಮಿಯೊಗೆ ಕೇಳಿಸಲಿಲ್ಲ. 'ಬಂದು ಕೇಳು' ಎಂದದ್ದು ಕೇಳಿಸಿತು. 'ನಮ್ಮನೇಗೆ' ಎಂದದ್ದು ಕೇಳಿಸಿತು. ಸುತ್ತ ನಿಂತವರು ಮಾತು ನಿಲ್ಲಿಸಿ ನೆಲ ನೋಡಿದ್ದು ಎಲ್ಲಕ್ಕಿಂತ ಜೋರಾಗಿ ಕೇಳಿಸಿತು.

"ನಿನ್ನ ಬೇಲೀದು ಒಂದು ಕಡ್ಡಿ ಕೇಳೋದಕ್ಕಿಂತ, ನನ್ನ ಮನೇನೇ ಎಳ್ಕೊಂಡು ಬಂದು ಅದರ ಪಕ್ಕ ನಿಲ್ಲಿಸ್ತೀನಿ" ಎಂದ.

ಬೇರೆ ದೇಶದಲ್ಲಾಗಿದ್ದರೆ ಇದು ಸಿಟ್ಟಿನ ಮಾತಾಗಿ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಆದರೆ ಈ ದ್ವೀಪದಲ್ಲಿ ಮನೆಗಳು ಮರದವು, ಕಂಬದ ಮೇಲೆ ನಿಂತವು. ಅಗತ್ಯ ಬಿದ್ದಾಗ ಊರಿನವರು ಮುಯ್ಯಾಳಾಗಿ ಬಂದು, ಮನೆಯ ಕೆಳಗೆ ದಿಮ್ಮಿ ಕೊಟ್ಟು, ಎತ್ತು ಹೂಡಿ ನಿಜವಾಗಿಯೇ ಎಳೆದುಬಿಡುತ್ತಾರೆ. ಪುದೆಲ್‌ಕೊದಲ್ಲಿ ಮನೆ ಎಳೆದು ಹನ್ನೊಂದು ವರ್ಷವಾಗಿತ್ತು. ಆಮೇಲೆ ಹುಟ್ಟಿದ ಎತ್ತುಗಳೆಲ್ಲ ಬರೀ ಸೌದೆ, ಕಡಲ ಪಾಚಿ ಎಳೆದುಕೊಂಡು ಜನ್ಮ ಸವೆಸುತ್ತಿದ್ದವು. ಹಳಬರು ಎಳೆದ ಕಥೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದರು, ಹೊಸಬರು ಕೇಳಿ ಕೇಳಿ ನಂಬುವುದನ್ನೇ ಬಿಟ್ಟಿದ್ದರು.

ಸತುರ್ನೀನೊ ಆಗಷ್ಟೇ ಇಟ್ಟುಕೊಂಡಿದ್ದ ಟೋಪಿಯನ್ನು ಮತ್ತೆ ತೆಗೆದ.

"ಯಾವತ್ತು?" ಎಂದು ಕೇಳಿದ.

ತಾನು ಮಾತಿಗೆ ಹೇಳಿದ್ದೆಂದು ಆರ್ತೆಮಿಯೊ ಎರಡು ಸಲ ಹೇಳಿದ. ಆಗಲೇ ಎಂಟು ಜೋಡಿ ಸಾಕೋ ಹನ್ನೊಂದು ಬೇಕೋ ಎಂಬ ವಾದ ಶುರುವಾಗಿದ್ದರಿಂದ ಯಾರ ಕಿವಿಗೂ ಅದು ಮುಟ್ಟಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ತಣ್ಣಗೆ ಕೂತಾಗ, ಒಂದೊಂದು ಮನೆಗೂ ಹೋಗಿ ಮರ್ಯಾದೆಯಿಂದ ಇದನ್ನು ಕೈಬಿಡಿಸುವುದೇ ಸರಿ ಎಂದು ಅವನಿಗೆ ತೋಚಿತು. ಬೇರೆ ಯಾವ ದಾರಿ ಹಿಡಿದಿದ್ದರೂ ಉಳಿದುಕೊಳ್ಳುತ್ತಿದ್ದನೇನೋ. ಯಾಕೆಂದರೆ ಮನೆ ಎಳೆಯಲು ಮುಯ್ಯಾಳು ಕರೆಯುವ ಪದ್ಧತಿಯೇ ಅದು: ಯಜಮಾನ ತಾನೇ ಮನೆಮನೆಗೆ ನಡೆದು ಹೋಗಬೇಕು, ಟೋಪಿ ಕೈಯಲ್ಲಿ ಹಿಡಿದಿರಬೇಕು, ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ಆರ್ತೆಮಿಯೊ ನಾಚಿಕೆಯಿಂದ ಟೋಪಿ ತೆಗೆದಿದ್ದ, ನಾಚಿಕೆಯಿಂದಲೇ ತಲೆ ತಗ್ಗಿಸಿದ್ದ.

ಮೊದಲ ಮನೆಯವನು ಅವನನ್ನು ಗೇಟಿನಲ್ಲಿ ಕಂಡವನೇ ಕಣ್ಣಲ್ಲಿ ನೀರು ತಂದುಕೊಂಡ. ಈಗಿನ ಕಾಲದಲ್ಲಿ ಇಷ್ಟು ಕ್ರಮವಾಗಿ ಕರೆಯಲು ಬರುವವರು ಯಾರಿದ್ದಾರೆ ಎಂದು ಹೆಂಡತಿಯನ್ನು ಕೂಗಿ ತೋರಿಸಿದ. ಹೇಳಬೇಡ, ಹೇಳಬೇಡ, ಹೇಳಿದರೆ ನನಗೆ ಅವಮಾನ, ನಾನೂ ಬರುತ್ತೇನೆ ನನ್ನ ಎತ್ತೂ ಬರುತ್ತವೆ ಎಂದು ಬಾಯಿ ಮುಚ್ಚಿಸಿ, ಸೇಬಿನ ಹೆಂಡದ ಲೋಟ ಕೈಗಿಟ್ಟ. ಲೋಟ ಮುಗಿಸದೆ ಮಾತಾಡುವಂತಿಲ್ಲ, ಮುಗಿಸಿದ ಮೇಲೆ ಮಾತಾಡಲು ಏನೂ ಉಳಿದಿರುವುದಿಲ್ಲ. ಎರಡನೆಯ ಮನೆಯ ಮುದುಕಿ ತನ್ನ ಗಂಡ ಸತ್ತಾಗಿನಿಂದ ಮೂಲೆಯಲ್ಲಿದ್ದ ಸರಪಳಿಯನ್ನು ಆಗಲೇ ಅಂಗಳಕ್ಕೆ ತಂದು ತುಕ್ಕು ಉಜ್ಜುತ್ತಿದ್ದಳು. ಮೂರನೆಯ ಮನೆಯವನು ಮನೆಯ ಕೆಳಗಿನ ದಿಮ್ಮಿಗೆಂದು ಎರಡು ಭಾರಿ ಮರ ಕಡಿದು ಉರುಳಿಸಿ, ಬೆವರೊರೆಸಿಕೊಳ್ಳುತ್ತ, ಕರೆಯಲು ಬರುವುದಕ್ಕೆ ಇಷ್ಟು ಹೊತ್ತೇ ಎಂದು ಇವನ ಮೇಲೇ ರೇಗಿದ. ಆ ಮರಗಳನ್ನು ಮತ್ತೆ ಬುಡಕ್ಕೆ ನಿಲ್ಲಿಸು ಎಂದು ಹೇಗೆ ಹೇಳುವುದು? ನಾಲ್ಕನೆಯ ಮನೆಯಲ್ಲಿ ಆರ್ತೆಮಿಯೊ ಗಟ್ಟಿ ಮನಸ್ಸು ಮಾಡಿ, ಮನೆ ಎಳೆಯುವುದು ಬೇಡ ಎಂದೇ ಬಾಯಿ ಬಿಟ್ಟು ಹೇಳಿದ. ಆ ಮನೆಯವನು ಬೆನ್ನು ತಟ್ಟಿ, ಇಂಥ ಸಂಕೋಚ ಒಳ್ಳೆಯ ಮನೆತನದವರಿಗೇ ಇರುವುದು ಎಂದು ಎರಡನೆಯ ಲೋಟ ತುಂಬಿಸಿದ.

ಸಂಜೆಗೆ ಅವನು ಹಿಂತಿರುಗಿದಾಗ ಹತ್ತು ಜೋಡಿ ಎತ್ತು, ನಲವತ್ತೆರಡು ಆಳು ಒಪ್ಪಿಕೊಂಡಿದ್ದರು. ಊರಿನ ಮೇಲೆಲ್ಲ ಅವನಿಗೆ ಕೆಂಡದಂಥ ಸಿಟ್ಟಿತ್ತು. ಸೌದೆ ಒಡೆಯಲು ಹೋದ, ಕೊಡಲಿ ಗುರಿಗೆ ಬೀಳಲಿಲ್ಲ.

ಉಳಿದದ್ದು ಹನ್ನೊಂದನೆಯ ಜೋಡಿ. ಊರಿನಲ್ಲಿ ಅತಿ ಬಲದ, ಎಲ್ಲಕ್ಕೂ ಮುಂದೆ ಕಟ್ಟಲೇಬೇಕಾದ ಕೆಂದೆತ್ತುಗಳು ಲಿಂದೋರನವು. ಅವಿಲ್ಲದೆ ಮನೆ ಅಲುಗುವುದಿಲ್ಲ, ಅವನ್ನು ಕರೆಯದಿದ್ದರೆ ಪದ್ಧತಿ ಕೆಡುತ್ತದೆ, ಕರೆಯಬೇಕಾದವನು ನೀನೇ ಎಂದು ಸತುರ್ನೀನೊ ಸೋಮವಾರ ಬೆಳಗ್ಗೆ ಅವನ ರೆಟ್ಟೆ ಹಿಡಿದು ಗೇಟಿನವರೆಗೂ ಕಳಿಸಿ ಬಂದ.

ಆರ್ತೆಮಿಯೊ ಹೋದಾಗ ಲಿಂದೋರನ ಅಡುಗೆಮನೆಯಲ್ಲಿ ಒತಿಲಿಯಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಲಿಂದೋರ್ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತವನನ್ನು ನೋಡಿ, ಒಳ್ಳೆಯವನಾದ ಲಿಂದೋರನಿಗೂ ಕೊನೆಗೆ ಸಿಟ್ಟು ಬಂತು.

"ಒಂದು ಕಡ್ಡಿ ಕೇಳೋದಕ್ಕೆ ನಿಂಗೆ ನಾಲಿಗೆ ಏಳಲ್ಲ" ಎಂದ. "ಮನೆ ಎಳೆಯೋ ಎತ್ತು ಕೇಳೋದಕ್ಕೆ ಏಳುತ್ತೆ. ಅಲ್ವಾ ಭಾವ?"

"ಎತ್ತು ಕೇಳೋದು ಪದ್ಧತಿ. ಕಡ್ಡಿ ಕೇಳೋದು ಭಿಕ್ಷೆ."

"ನಾನು ಕೊಡಲ್ಲ ಅಂದ್ರೆ?"

"ಕೊಡಬೇಡ. ನೀನು ಕೊಡ್ಲಿಲ್ಲ ಅದಕ್ಕೇ ನಿಂತೋಯ್ತು ಅಂತ ಊರಿಗೆಲ್ಲ ಹೇಳ್ತೀನಿ." ಹೇಳುವಾಗ ಆರ್ತೆಮಿಯೊನ ದನಿಯಲ್ಲಿ ಆಸೆ ಇಣುಕಿತು.

ಊರಿನ ನಲವತ್ತೆರಡು ಗಂಡಸರ ಮುಖ ಲಿಂದೋರನ ಕಣ್ಣ ಮುಂದೆ ಹಾದುಹೋಗಿರಬೇಕು. ಬೆಣ್ಣೆಯ ಚಾಕು ಕೆಳಗಿಟ್ಟು, ಕೊಡುತ್ತೇನೆ ಎಂದ. ಆಗ ಒತಿಲಿಯಾ ಕಿಟಕಿಯಿಂದ ಮುಖ ತಿರುಗಿಸದೆಯೇ ಮಾತಾಡಿದಳು.

"ಲಿಂದೋರ್, ಆ ಮನುಷ್ಯನ್ನ ಕೇಳು. ಮನೆ ಎಳೆಯೋಕೆ ಬರೋರಿಗೆಲ್ಲ ಅಡುಗೆ ಮಾಡೋರು ಯಾರು ಅಂತ."

ಆ ಅಡುಗೆಮನೆ ನಾಲ್ಕು ಹೆಜ್ಜೆ ಅಗಲವಿತ್ತು. ಆದರೂ ಲಿಂದೋರ್ ತಿರುಗಿ, ಅಡುಗೆ ಮಾಡುವವರು ಯಾರೆಂದು ಒತಿಲಿಯಕ್ಕ ಕೇಳುತ್ತಿದ್ದಾಳೆ ಎಂದು ತಿಳಿಸಿದ. ಆರ್ತೆಮಿಯೊ ಬಾಯಿ ತೆರೆದ. ಮನೆ ಎಳೆಸಿಕೊಂಡವರು ಅಷ್ಟೂ ಜನಕ್ಕೆ ಹೊಟ್ಟೆ ಬಿರಿಯುವಂತೆ ಉಣಿಸಬೇಕೆಂಬುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಉಣಿಸುವವಳು ಯಾರೆಂದು ಮಾತ್ರ ಈ ನಿಮಿಷದವರೆಗೂ ಹೊಳೆದಿರಲಿಲ್ಲ.

ಅದೇ ವಾರ ಪುರಸಭೆಯಿಂದ ಯಾಸ್ನಾ ಎಂಬ ಹುಡುಗಿ ಫಾರಂ ಹಿಡಿದು ಬಂದಳು. ಅವಳಿಗೆ ಸುದ್ದಿ ಹೇಗೆ ಮುಟ್ಟಿತೋ, ಮನೆ ಎಳೆಯುವುದನ್ನು ಫೆಬ್ರವರಿಯ ಎರಡನೆಯ ಶನಿವಾರಕ್ಕೆ ಇಟ್ಟುಕೊಂಡರೆ ಪ್ರವಾಸಿಗರನ್ನು ಕರೆತರಬಹುದೆಂದೂ, ಎಲ್ಲರೂ ಉಣ್ಣೆಯ ಕಂಬಳಿ ಅಂಗಿ ಹಾಕಿದರೆ ಚೆಂದವೆಂದೂ ಹೇಳಿದಳು. ತೂಗಾಡುತ್ತಿದ್ದ ಹನ್ನೆರಡು ಕುಂಡಗಳ ಫೋಟೋ ತೆಗೆದುಕೊಂಡಳು. ನವೆಂಬರಿನಿಂದೀಚೆಗೆ ಅವನ್ನು ಹೊಗಳಿದ ಮೊದಲ ವ್ಯಕ್ತಿ ಅವಳು. ಆಮೇಲೆ ಫಾರಂ ಬಿಚ್ಚಿದಳು.

"ಮನೆ ಜರುಗಿಸೋದಕ್ಕೆ ಕಾರಣ ಏನು ಯಜಮಾನ್ರೆ? ನೆರೆ, ಭೂಕುಸಿತ, ಜಮೀನು ಮಾರಾಟ, ರಸ್ತೆ ಅಗಲೀಕರಣ, ಇಷ್ಟಿದೆ ಇಲ್ಲಿ."

"ಹಕ್ಕಿ."

"ಹಕ್ಕಿ ಇಲ್ಲ ಇದರಲ್ಲಿ. ಇತರೆ ಅಂತ ಒಂದಿದೆ. ವ್ಯಾಜ್ಯ ಅಂತ ಬರೀಲಾ?"

"ಬರ್ಕೊಳ್ಳಮ್ಮ."

"ಯಾರ ಜೊತೆ ವ್ಯಾಜ್ಯ?"

"ಹೆಂಡ್ತಿ ಜೊತೆ."

ಯಾಸ್ನಾ ಪೆನ್ನು ಎತ್ತಿ ಸ್ವಲ್ಪ ಯೋಚಿಸಿದಳು. "ಅದಕ್ಕೆ ಪರವಾನಗಿ ಬೇಕಾಗಲ್ಲ" ಎಂದು ಫಾರಂ ಮಡಿಚಿಟ್ಟಳು.

ಎಳೆಯುವ ಹಿಂದಿನ ಮೂರು ದಿನ ಒತಿಲಿಯಾಳ ಅಡುಗೆಮನೆಯಲ್ಲಿ ಊರಿನ ಹೆಂಗಸರೆಲ್ಲ ಕೂತು ಆಲೂಗಡ್ಡೆ ತುರಿದರು. ಆರು ಮೂಟೆ. ತುರಿದು, ಬಟ್ಟೆಯಲ್ಲಿ ಹಿಂಡಿ, ಹಂದಿಯ ಕೊಬ್ಬು ಬೆರೆಸಿ ರೊಟ್ಟಿ ತಟ್ಟಬೇಕು. ಒತಿಲಿಯಾ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತು, ತುರಿಯುತ್ತ, ಬೇಲಿಯ ಕಥೆಯನ್ನು ಮೊದಲಿನಿಂದ ಹೇಳಿದಳು. ಹೊಸಬರು ಬಂದಾಗಲೆಲ್ಲ ಮತ್ತೆ ಮೊದಲಿನಿಂದ. ಎರಡನೆಯ ದಿನದ ಹೊತ್ತಿಗೆ ಕೇಳಿದವರಿಗೆಲ್ಲ ಆರ್ತೆಮಿಯೊನ ಮೇಲೆ ಸಿಟ್ಟು ಬಂದಿತ್ತು. ಮೂರನೆಯ ದಿನ ಆ ಸಿಟ್ಟು ಒಂದೇ ಗಂಡಸಿನ ಮೇಲೆ ಸಾಲದೆ, ಹೆಂಗಸರು ಸಂಜೆ ಮನೆಗೆ ಹೋಗಿ ತಮ್ಮ ತಮ್ಮ ಗಂಡಂದಿರನ್ನು ಹಿಡಿದುಕೊಂಡರು. ಆ ರಾತ್ರಿ ಊರಿನ ಎಷ್ಟೋ ಹಿತ್ತಲಲ್ಲಿ ಕೊಡಲಿಯ ಸದ್ದು ಕೇಳಿಬಂತು.

ಶನಿವಾರ ಬೆಳಗಿನ ಜಾವ ಸಣ್ಣಗೆ ಸೋನೆ ಸುರಿದು ನಿಂತಿತ್ತು. ಒಲೆ, ಮಂಚ, ಪಾತ್ರೆಗಳನ್ನು ಹೊರಗೆ ಸಾಗಿಸಿದರು. ಸನ್ನೆಗೋಲು ಹಾಕಿ ಮನೆಯನ್ನು ಕಂಬಗಳಿಂದ ಎತ್ತಿ, ಅಡಿಗೆ ಎರಡು ಉದ್ದನೆಯ ದಿಮ್ಮಿ ಕೊಟ್ಟು, ಸರಪಳಿ ಬಿಗಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಒತಿಲಿಯಾ ಒಳಗೇ ಇದ್ದಾಳೆ, ತನ್ನ ಕಿಟಕಿಯ ಬಳಿ, ತನ್ನ ಕುರ್ಚಿಯಲ್ಲಿ. ಡಾಕ್ಟರು ತನಗೆ ಹೆಚ್ಚು ನಡೆಯಬೇಡ ಎಂದಿದ್ದಾರೆಂದೂ, ತನ್ನ ಮನೆ ಹೊರಟಿರುವಾಗ ತಾನು ನಡೆದು ಹೋಗುವ ಅಗತ್ಯ ಕಾಣುವುದಿಲ್ಲವೆಂದೂ ಸತುರ್ನೀನೊನ ಮೂಲಕ ತಿಳಿಸಿದಳು. ದಿನಾ ಇನ್ನೂರು ಹೆಜ್ಜೆ ನಡೆಯುತ್ತಿದ್ದಳಲ್ಲ ಎಂದು ಆರ್ತೆಮಿಯೊ ಹೇಳಹೋದ. ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಅವನು ಸರಪಳಿಯ ಕೊಂಡಿ ಪರೀಕ್ಷಿಸತೊಡಗಿದ.

ಲಿಂದೋರನ ಬೇಲಿಗೆ ಹತ್ತು ಹೆಜ್ಜೆ ಈಚೆಗೆ, ಆರ್ತೆಮಿಯೊನ ಸ್ವಂತ ನೆಲದಲ್ಲೇ ನಿಲ್ಲಿಸಬೇಕೆಂದು ಗೂಟ ಹೊಡೆದಿತ್ತು. ಸತುರ್ನೀನೊ ಕೋಲೆತ್ತಿ ಕೂಗು ಹಾಕಿದ. ಹನ್ನೊಂದು ಜೋಡಿ ಒಟ್ಟಿಗೆ ಕುತ್ತಿಗೆ ತಗ್ಗಿಸಿದವು. ಮನೆ ನರಳಿತು, ಅತ್ತ ಇತ್ತ ಒಮ್ಮೆ ಓಲಾಡಿತು, ಆಮೇಲೆ ಹುಲ್ಲಿನ ಮೇಲೆ ಹೊರಟೇ ಬಿಟ್ಟಿತು. ನಲವತ್ತೆರಡು ಗಂಡಸರು ಹಗ್ಗ ಹಿಡಿದು ಬೊಬ್ಬೆ ಹೊಡೆದರು. ತೊಲೆಯಲ್ಲಿ ತೂಗುತ್ತಿದ್ದ ಕುಂಡಗಳು ಒಂದಕ್ಕೊಂದು ಡಿಕ್ಕಿ ಹೊಡೆದು ದಾರಿಯುದ್ದಕ್ಕೂ ಒಂದೊಂದಾಗಿ ಕಳಚಿ ಬಿದ್ದವು; ಹಿಂದೆ ಬರುತ್ತಿದ್ದವರು ಅವನ್ನು ದಾಟಿಕೊಂಡು ನಡೆದರು, ಯಾರೂ ಬಗ್ಗಿ ಎತ್ತಲಿಲ್ಲ. ಕಿಟಕಿಯೊಳಗೆ ಒತಿಲಿಯಾ ಬಸ್ಸಿನಲ್ಲಿ ಕೂತವಳಂತೆ ನೇರವಾಗಿ ಮುಂದೆ ನೋಡುತ್ತಿದ್ದಳು.

ನೂರೈವತ್ತು ಹೆಜ್ಜೆಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಅಲ್ಲಿಂದಾಚೆ ನೆಲ ಬೇಲಿಯ ಕಡೆಗೆ ಸ್ವಲ್ಪ ಇಳಿಜಾರು. ಸ್ವಲ್ಪವೆಂದರೆ, ದನ ಮೇಯಿಸುವವನಿಗೆ ಗೊತ್ತೇ ಆಗದಷ್ಟು. ಮನೆಗೆ ಗೊತ್ತಾಯಿತು. ಒದ್ದೆ ಹುಲ್ಲಿನ ಮೇಲೆ ದಿಮ್ಮಿಗಳು ಜಾರಿದವು, ಬಿಗಿದಿದ್ದ ಸರಪಳಿ ಸಡಿಲವಾಯಿತು. ಮುಂದಿದ್ದ ಲಿಂದೋರ್ ಹಿಂತಿರುಗಿ ನೋಡಿದಾಗ, ತಾನು ಎಳೆಯುತ್ತಿದ್ದ ಮನೆ ತನ್ನ ಹಿಂದೆಯೇ ಓಡಿ ಬರುತ್ತಿರುವುದು ಕಾಣಿಸಿತು. ಅವನು ಕೊಂಡಿ ಕಳಚಿ ಕೆಂದೆತ್ತುಗಳನ್ನು ಪಕ್ಕಕ್ಕೆ ಅಟ್ಟಿದ, ಉಳಿದವರೂ ತಮ್ಮ ತಮ್ಮ ಜೋಡಿ ಬಿಚ್ಚಿಕೊಂಡು ದಿಕ್ಕಾಪಾಲಾದರು. ಮನೆ ಯಾರ ಅಪ್ಪಣೆಗೂ ಕಾಯದೆ ಗೂಟ ದಾಟಿತು, ಹತ್ತು ಹೆಜ್ಜೆ ದಾಟಿತು, ಸಂಜೆ ಕೊಟ್ಟಿಗೆಗೆ ನುಗ್ಗುವ ಹಸುವಿನಂತೆ ಲಿಂದೋರನ ಚಿಲ್ಕೊ ಬೇಲಿಯೊಳಕ್ಕೆ ಅಡುಗೆಮನೆಯ ಗೋಡೆ ಮುಂದಾಗಿ ನುಗ್ಗಿತು. ಬೇಲಿಯ ಬುಡದ ಕಾಲುವೆಯಲ್ಲಿ ದಿಮ್ಮಿಗಳು ಕಚ್ಚಿಕೊಂಡು ದಡಕ್ಕೆಂದು ನಿಂತಿತು.

ಲಿಂದೋರ್ ಟೋಪಿಯನ್ನು ನೆಲಕ್ಕೆ ಬಡಿದ.

"ಕಡ್ಡಿ ಕೇಳಲ್ಲ ಅಂದ" ಎಂದು ಊರಿಗೆಲ್ಲ ಕೈ ತೋರಿಸಿದ. "ನಿಜ. ಕೇಳ್ಲಿಲ್ಲ. ನಾಲ್ಕು ಮಾರು ಬೇಲೀನೇ ತಗೊಂಡ."

ಆರ್ತೆಮಿಯೊ ಆಗಲೇ ಓಡುತ್ತಿದ್ದ. ಮುರಿದ ಕೊಂಬೆಗಳಲ್ಲಿ ಸಿಕ್ಕಿಕೊಂಡು, ಎರಡು ಸಲ ಬಿದ್ದು ಎದ್ದು ಕಿಟಕಿಯ ಬಳಿ ಬಂದ. ಗಾಜು ಒಡೆದಿರಲಿಲ್ಲ. ಒಳಗೆ ಒತಿಲಿಯಾ ಕುರ್ಚಿಸಮೇತ ಅಡುಗೆಮನೆಯ ಆ ತುದಿಗೆ ಜಾರಿಹೋಗಿದ್ದವಳು, ಕುರ್ಚಿಯನ್ನು ಎಳೆದುಕೊಂಡು ಮತ್ತೆ ಕಿಟಕಿಯ ಹತ್ತಿರಕ್ಕೆ ಬರುತ್ತಿದ್ದಳು. ತಲೆಯ ಮೇಲೆಲ್ಲ ಹಳೆಯ ಸೂರಿನ ಧೂಳು. ಕೂತಳು, ಕಾಲು ನೀಡಿಕೊಂಡಳು, ಕಿಟಕಿಯನ್ನು ಮೇಲಕ್ಕೆ ಸರಿಸಿದಳು. ನಜ್ಜುಗುಜ್ಜಾದ ಚಿಲ್ಕೊ ಕೊಂಬೆಯೊಂದು ಹೂವಿನ ಸಮೇತ ಒಳಗೆ ಬಗ್ಗಿತು.

ಆಗ ಹಕ್ಕಿ ಬಂತು.

ಮನೆಯ ಎಡಕ್ಕೂ ಬಲಕ್ಕೂ ಬೇಲಿ ಇನ್ನೂ ಉದ್ದಕ್ಕೆ ಉಳಿದಿತ್ತು, ಆದರೆ ನಡುವಿನ ತುಂಡು, ಬೇಸಿಗೆಯೆಲ್ಲ ಬೇರೆ ಯಾವ ಹಕ್ಕಿಯನ್ನೂ ಹತ್ತಿರ ಬಿಡದೆ ಇದು ಕಾದುಕೊಂಡಿದ್ದ ತುಂಡು, ಈಗ ಒಂದು ಮನೆಯ ಕೆಳಗಿತ್ತು. ಹಕ್ಕಿ ಹೂವಿನ ಕಡೆ ನೋಡಲೂ ಇಲ್ಲ. ನೇರ ಆರ್ತೆಮಿಯೊನ ಮೂಗಿನ ಮುಂದೆ, ಒಂದು ಗೇಣು ದೂರದಲ್ಲಿ, ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತು. ನೆತ್ತಿಯ ಗರಿಗಳು ಕಾಯಿಸಿದ ಕಬ್ಬಿಣದ ಹಾಗೆ ಕೆಂಪಗೆ ಉರಿದವು. ಒಣ ಕಡ್ಡಿ ಪಟಪಟನೆ ಮುರಿದಂತೆ ಶುರುಮಾಡಿತು. ಎಡಗಿವಿಗೆ ಹೋಗಿ ಬೈಯಿತು, ಬಲಗಿವಿಗೆ ಬಂದು ಬೈಯಿತು, ಮೇಲೇರಿ ನೆತ್ತಿಯ ಮೇಲಿಂದ ಎರಗಿ ಮತ್ತೆ ಮೂಗಿನ ಮುಂದೆ ನಿಂತು, ಬಿಟ್ಟಲ್ಲಿಂದ ಮುಂದುವರಿಸಿತು.

ಆರ್ತೆಮಿಯೊಗೂ ಸಿಟ್ಟು ಏರಿತು. ಕೈ ಎತ್ತಿದ, ಏನೋ ಹೇಳಲು ಬಾಯಿ ತೆರೆದ.

"ಸುಮ್ನಿರು ನೀನು" ಎಂದಳು ಒತಿಲಿಯಾ.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಸುತ್ತ ನಿಂತವರಿಗೆಲ್ಲ ಅದು ತಿಳಿಯಿತು; ಸತುರ್ನೀನೊ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡ.

"ನವೆಂಬರಿಂದ ನಾನು ನಿಂಗೆ ಹೇಳ್ಬೇಕು ಅಂದ್ಕೊಂಡಿದ್ದನ್ನೆಲ್ಲ ಅದು ಹೇಳ್ತಿದೆ. ನಾನು ಹೇಳಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ. ಪೂರ್ತಿ ಕೇಳಿಸ್ಕೋ."

ಎತ್ತಿದ ಕೈಯನ್ನು ಆರ್ತೆಮಿಯೊ ಇಳಿಸಿದ. ಬೇಲಿಯ ನಡುವೆ, ಮಂಡಿಯುದ್ದದ ಮುರಿದ ಗಿಡಗಳಲ್ಲಿ ನಿಂತು, ಊರಿನವರೆಲ್ಲ ನೋಡುತ್ತಿರುವಂತೆ, ಹಕ್ಕಿ ಮುಗಿಸುವವರೆಗೂ ಕೇಳಿಸಿಕೊಂಡ. ಅದು ಬಹಳ ಹೊತ್ತು ತೆಗೆದುಕೊಂಡಿತು. ಹೆಂಗಸರ ಸಾಲಿನಲ್ಲಿ ಒಬ್ಬರಿಬ್ಬರು ತಲೆಯಾಡಿಸುತ್ತಿದ್ದರು.

ಹಕ್ಕಿ ಉಳಿದ ಬೇಲಿಯ ತುದಿಗೆ ಹೋಗಿ ಕೂತ ಮೇಲೆ ಲಿಂದೋರ್ ಕಿಟಕಿಯ ಹತ್ತಿರ ಬಂದು, ಈಗಲೂ ಕುದಿಯುತ್ತಲೇ, ತನ್ನ ಜಮೀನಿನೊಳಗೆ ಅರ್ಧ ಅಡುಗೆಮನೆ ಬಂದಿದೆಯೆಂದೂ ಇದನ್ನು ಹಿಂದಕ್ಕೆಳೆಯಲು ಹನ್ನೊಂದಲ್ಲ, ಇಪ್ಪತ್ತು ಜೋಡಿ ಬೇಕೆಂದೂ ಹೇಳಿದ.

"ಹಿಂದಕ್ಕೆ ಯಾಕೆ" ಎಂದಳು ಒತಿಲಿಯಾ. "ಒಲೆ ತಂದು ಒಳಗಿಡಿ, ಜನಕ್ಕೆ ಹಸಿವಾಗಿದೆ. ನಾಳೆ ನೀವಿಬ್ರೂ ಸೇರಿ ಮುರಿದಿರೋ ಜಾಗದಲ್ಲೆಲ್ಲ ಕಡ್ಡಿ ನೆಡ್ಬೇಕು. ಒಬ್ರನ್ನೊಬ್ರು ಏನೂ ಕೇಳ್ಕೋಬೇಕಾಗಿಲ್ಲ, ನಾನು ಹೇಳ್ತಿದೀನಿ."

ಆಮೇಲೆ ತಲೆಯ ಧೂಳು ಕೊಡವಿಕೊಂಡು ಸತುರ್ನೀನೊನ ಕಡೆ ತಿರುಗಿದಳು.

"ಎಲ್ಬಾಗೆ ಒಂದು ಫೋನ್ ಮಾಡಿಬಿಡಿ ಯಜಮಾನ್ರೆ, ನಾನು ಬರೋದಕ್ಕಾಗಲ್ಲ ಅಂತ. ಈ ಮನುಷ್ಯ ನೆಟ್ಟ ಕಡ್ಡಿ ಹೂ ಬಿಡೋದಕ್ಕೆ ಇನ್ನೂ ಮೂರು ವರ್ಷ ಬೇಕು. ಅಲ್ಲೀವರೆಗೂ ಇವನ ಕೈಗೆ ಎತ್ತು ಸಿಕ್ಕದ ಹಾಗೆ ಕಾಯೋರು ಯಾರಾದ್ರೂ ಇರ್ಬೇಕಲ್ಲ."